ಗೋಡೆ ನೋಡಿ ಕೆಟ್ಟವನ ಅಹವಾಲು

ನನ್ನ ಕಣ್ಣು ಸಾಮಾನ್ಯದ್ದಲ್ಲ ಎಂಬ ವಿಷಯ ನನಗೆ ಬಹಳ ಹಿಂದೆಯೇ ಗೊತ್ತಿತ್ತು. ಬೇರೆಯವರಿಗೆ ಗೊತ್ತಿರಲಿಲ್ಲ, ಅಷ್ಟೆ. ಮದುವೆಮನೆಯಲ್ಲಿ ಎಲ್ಲರೂ ಹೆಣ್ಣು ಗಂಡನ್ನು ನೋಡುತ್ತಿದ್ದರೆ ನಾನು ಮಂಟಪದ ಹಿಂದೆ ಅಡುಗೆಯವನು ಪಾಯಸಕ್ಕೆ ನೀರು ಬೆರೆಸುವುದನ್ನು ನೋಡಿಬಿಡುತ್ತೇನೆ. ಗ್ರೂಪ್ ಫೋಟೋದಲ್ಲಿ ಎಲ್ಲರೂ ತಮ್ಮ ತಮ್ಮ ಮುಖ ಹುಡುಕಿಕೊಂಡರೆ, ಹಿಂದಿನ ಸಾಲಿನಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡು ನಿಂತಿದ್ದಾರೆ ಎಂದು ನಾನು ಹೇಳಬಲ್ಲೆ. ಇಂಥ ಕಣ್ಣಿರುವ ಸಿದ್ದರಾಜು ಎಂಬ ನಾನು, ಕೊಳ್ಳೇಗಾಲದ ಒಂದು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿ ಹದಿನಾರು ವರ್ಷ ಟಪಾಲಿಗೆ ನಂಬರು ಹಾಕುತ್ತ ಕೂತಿದ್ದುದು ನಾಡಿಗೆ ಆದ ನಷ್ಟ. ಯಾವ ಕಚೇರಿ ಎಂದು ಕೇಳಬೇಡಿ. ಹೇಳಿದರೆ ಇನ್ನೊಂದು ನೋಟಿಸು ಬರುತ್ತದೆ. ಮೊದಲನೆಯದಕ್ಕೇ ಇನ್ನೂ ಉತ್ತರ ಕೊಟ್ಟಿಲ್ಲ!

ಆಗ ನಮ್ಮ ಕಚೇರಿಯಲ್ಲಿ ಒಂದೇ ಮಾತು. ನಮ್ಮಲ್ಲಿ ಒಬ್ಬರನ್ನು ಹನೂರಿನ ಹೊಸ ಕಚೇರಿಗೆ ಕಳಿಸಬೇಕಂತೆ. ಹನೂರಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಅಲ್ಲಿ ಜನ ಕಡಿಮೆ, ಕೆಲಸ ಜಾಸ್ತಿ ಎಂಬುದಷ್ಟೇ ನನ್ನ ಆಕ್ಷೇಪ. ಪಟ್ಟಿಯಲ್ಲಿ ಉಳಿದಿದ್ದ ಹೆಸರು ಎರಡು: ಒಂದು ನನ್ನದು, ಇನ್ನೊಂದು ಪಕ್ಕದ ಟೇಬಲ್ಲಿನ ಪುಟ್ಟಸ್ವಾಮಿಯದು. ನನ್ನ ಈ ಕಣ್ಣೇ ನನ್ನನ್ನು ಹನೂರಿನಿಂದ ಕಾಪಾಡುತ್ತದೆ ಎಂದು ನಾನು ಮನಸಾರೆ ನಂಬಿದ್ದೆ.

ನಂಬಿಕೆಗೆ ಕಾರಣ ಒಂದು ಟಿವಿ ಧಾರಾವಾಹಿ. ಹೆಸರು 'ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ'. ಕಥೆಯೆಲ್ಲ ಒಂದು ಸರ್ಕಾರಿ ಆಫೀಸಿನೊಳಗೇ ನಡೆಯುತ್ತದೆ. ಸಾಹೇಬರು ಯಾವಾಗಲೂ ಮೀಟಿಂಗಿನಲ್ಲಿರುತ್ತಾರೆ, ಗುಮಾಸ್ತರು ಒಬ್ಬರ ಮೇಲೊಬ್ಬರು ಕಡತ ತಳ್ಳುತ್ತಾರೆ, ಜನ ಬಂದು ಬೈದು ಹೋಗುತ್ತಾರೆ. ಊರೆಲ್ಲ ನಗುತ್ತಿತ್ತು. ನಾನು ಮೊದಲ ವಾರ ನಗಲಿಲ್ಲ. ದಿನಾ ಹತ್ತರಿಂದ ಐದೂವರೆಯವರೆಗೆ ನೋಡುವುದನ್ನೇ ರಾತ್ರಿ ಊಟದ ಜೊತೆಗೂ ನೋಡಿ ನಗುವುದು ಹೇಗೆ?

ಎರಡನೇ ವಾರ ನನ್ನ ಕಣ್ಣಿಗೆ ಗೋಡೆ ಬಿತ್ತು. ಮೀಟಿಂಗ್ ಕೋಣೆಯಲ್ಲಿ ಸಾಹೇಬರ ತಲೆಯ ಹಿಂದೆ ನೇತಾಡುತ್ತಿದ್ದ ಕ್ಯಾಲೆಂಡರಿನಲ್ಲಿ ಆಗಸ್ಟ್ ತಿಂಗಳು. ಕಥೆಯಲ್ಲಿ ಯುಗಾದಿ ಬಂದು ಹೋಯಿತು, ದೀಪಾವಳಿ ಬಂದು ಹೋಯಿತು, ಸಾಹೇಬರಿಗೆ ಪ್ರಮೋಷನ್ನೂ ಆಯಿತು. ಕ್ಯಾಲೆಂಡರು ಮಾತ್ರ ಆಗಸ್ಟ್ ಬಿಟ್ಟು ಕದಲಲಿಲ್ಲ! ನಾನು ರಿಮೋಟ್ ಒತ್ತಿ ನಿಲ್ಲಿಸಿ, ಎದ್ದು ಹೋಗಿ, ಟಿವಿಯ ಮೇಲೆ ಬೆರಳಿಟ್ಟು ತೋರಿಸಿದೆ. ನಮ್ಮದು ಹೊಸ ಟಿವಿ, ಇಂಟರ್ನೆಟ್ಟಿನಲ್ಲಿ ಹಾಕಿಕೊಂಡು ಎಲ್ಲಿ ಬೇಕಾದರೂ ನಿಲ್ಲಿಸಬಹುದು.

"ನೋಡ್ದಾ? ಇದು ಗುಟ್ಟಾಗಿ ಇಟ್ಟಿರೋ ಜೋಕು. ಸರ್ಕಾರಿ ಆಫೀಸಲ್ಲಿ ಕಾಲ ನಿಂತೋಗದೆ ಅಂತ ಅರ್ಥ!"

ನನ್ನ ಹೆಂಡತಿ ಮಂಜುಳ ಪಕ್ಕದ ಹಳ್ಳಿಯಲ್ಲಿ ಅಂಗನವಾಡಿ ಟೀಚರು. ಇಪ್ಪತ್ತೆಂಟು ಮಕ್ಕಳನ್ನು ಸಂಭಾಳಿಸಿ ಬಂದವಳಿಗೆ ಅರ್ಧ ಗಂಟೆ ನಗು ಬೇಕಿತ್ತು. "ಅರ್ಥನೂ ಇಲ್ಲ, ಏನೂ ಇಲ್ಲ. ಅವ್ರು ಆಳೆ ತಿರುಗ್ಸೋದ ಮರ್ತವ್ರೆ ಕಣ್ರಿ. ನಮ್ಮನೇಲಿ ನೀವು ತಿರುಗ್ಸೀರಾ? ಮೊದ್ಲು ಆನ್ ಮಾಡಿ" ಎಂದಳು.

ಪ್ರತಿಭೆಗೆ ಮನೆಯಲ್ಲಿ ಬೆಲೆಯಿರುವುದಿಲ್ಲ ಎಂದುಕೊಂಡು ಸುಮ್ಮನಾದೆ. ಆದರೆ ಕಣ್ಣು ಸುಮ್ಮನಾಗಲಿಲ್ಲ. ಆಮೇಲೆ ನನಗೆ ಆ ಧಾರಾವಾಹಿಯಲ್ಲಿ ಮನುಷ್ಯರೇ ಕಾಣಿಸುತ್ತಿರಲಿಲ್ಲ. ಗೋಡೆ, ಬೀರು, ಬೋರ್ಡು, ಬಾಗಿಲು ಇಷ್ಟೇ. ನೋಟಿಸ್ ಬೋರ್ಡಿನಲ್ಲಿ ಒಂದೇ ಒಂದು ನೋಟಿಸು: 'ಈ ಬೋರ್ಡಿನಲ್ಲಿ ಯಾರೂ ನೋಟಿಸು ಅಂಟಿಸಬಾರದು'. ದೂರು ಪೆಟ್ಟಿಗೆಗೆ ಬೀಗ, ಬೀಗದ ಮೇಲೆ ಜೇಡರ ಬಲೆ, ಹನ್ನೆರಡನೇ ಕಂತಿಗೆ ಅದರ ಮೇಲೊಂದು ಹೂಕುಂಡ. ಬೀರುವಿನ ತುದಿಯಲ್ಲಿ 'ತುರ್ತು' ಎಂದು ಕೆಂಪಕ್ಷರದಲ್ಲಿ ಬರೆದ ಕಡತ, ಅದರೊಳಗೆ ಗುಬ್ಬಿ ಗೂಡು. ಗಡಿಯಾರದಲ್ಲಿ ಸದಾ ಊಟದ ಹೊತ್ತು. 'ಲಂಚ ಕೊಡುವುದು ಅಪರಾಧ' ಎಂಬ ಫಲಕದ ಮುಂದೆ ಯಾರೋ ಸರಿಯಾಗಿ ಅಡ್ಡಲಾಗಿ ನಿಲ್ಲಿಸಿದ್ದ ಸ್ಟೀಲ್ ಬೀರು.

ಇವೆಲ್ಲಕ್ಕಿಂತ ದೊಡ್ಡದು ಒಂದು ಕುರ್ಚಿ. ಎಡಗಡೆ ಮೂಲೆ, ಕಿಟಕಿಯ ಪಕ್ಕ. ಅದರ ಬೆನ್ನಿಗೆ ಒಂದು ಕಂದು ಜರ್ಕಿನ್ನು. ಮೊದಲ ಕಂತಿನಿಂದಲೂ ಇದೆ. ಆ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ! ಮೂವತ್ತೊಂದು ಕಂತು ತಿರುಗಿಸಿ ಮುರುಗಿಸಿ ನೋಡಿದೆ. ಜರ್ಕಿನ್ನು ಅಲ್ಲೇ ಇತ್ತು. ಕೆಲಸಕ್ಕೆ ಬಂದಿದ್ದೇನೆ ಎಂದು ಜರ್ಕಿನ್ನಿನಿಂದ ಹೇಳಿಸಿ ತಾನು ಮಾತ್ರ ಎಲ್ಲೋ ಇರುವ ಆ ಅಜ್ಞಾತ ಗುಮಾಸ್ತನಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಇಡೀ ಧಾರಾವಾಹಿಯ ಜೀವ ಇದೇ ಎಂದು ತೀರ್ಮಾನಿಸಿದೆ.

ಈ ಸಂಶೋಧನೆಗಳನ್ನೆಲ್ಲ ಫೋಟೋ ಹೊಡೆದು, ಕೆಂಪು ಸುತ್ತು ಹಾಕಿ, ಊರಿನ ವಾಟ್ಸಾಪ್ ಗುಂಪುಗಳಿಗೆ ಹಾಕತೊಡಗಿದೆ. ವಾರದೊಳಗೆ ಹೆಸರಾಯಿತು. ಬಸ್ ಸ್ಟ್ಯಾಂಡಿನ ಎದುರು ಟೀ ಅಂಗಡಿಯವನು "ಗೋಡೆ ಸಿದ್ರಾಜಣ್ಣ ಬಂದ್ರು, ಒಂದು ಸ್ಟ್ರಾಂಗ್ ಮಾಡ್ಲಾ" ಎನ್ನುತ್ತಿದ್ದ. ಅದು ಗೌರವವೆಂದೇ ನಾನು ತಿಳಿದಿದ್ದೆ. ಹುಮ್ಮಸ್ಸಿನಲ್ಲಿ ಧಾರಾವಾಹಿ ತೆಗೆಯುವವರಿಗೇ ಒಂದು ಮಿಂಚಂಚೆ ಬರೆದೆ. ನಲವತ್ತೆರಡು ಅಂಶಗಳು, ಅನುಬಂಧ ಒಂದು, ಅನುಬಂಧ ಎರಡು. ವಿಷಯ: ತಮ್ಮ ಧಾರಾವಾಹಿಯ ಹಿನ್ನೆಲೆಯಲ್ಲಿ ಅಡಗಿಸಿಟ್ಟ ಹಾಸ್ಯಗಳನ್ನು ಪತ್ತೆಹಚ್ಚಿರುವ ಬಗ್ಗೆ.

ಒಂದು ಭಾನುವಾರ ಯಳಂದೂರಿಗೆ, ಅತ್ತೆಮನೆಗೆ ಹೋದೆವು. ಮನೆಮಂದಿಯೆಲ್ಲ ಟಿವಿ ಮುಂದೆ ಕೂತಿದ್ದರು, ಅವರದೂ ನಮ್ಮಂಥದೇ ಇಂಟರ್ನೆಟ್ ಟಿವಿ. ಕಥೆಯಲ್ಲಿ ಸಾಹೇಬರು ಮೀಟಿಂಗಿನಿಂದ ಮೊದಲನೇ ಸಲ ಹೊರಗೆ ಬರುವ ಘಳಿಗೆ. ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಸಾಹೇಬರು ಬಾಗಿಲು ತೆರೆದು ಬಾಯಿ ತೆರೆದರು. ನಾನು ರಿಮೋಟ್ ಒತ್ತಿದೆ.

"ಇಲ್ಲಿ ನೋಡಿ, ಬಾಗಿಲ ಹಿಂದೆ ಒಂದು ಪೊರಕೆ ಅದೆ. ಹೋದ ಕಂತಿನಲ್ಲಿ ಎಡಗಡೆ ಇತ್ತು."

 ನಾನು ಪೊರಕೆಯ ಬಗ್ಗೆ ಹತ್ತು ನಿಮಿಷ ವಿವರಿಸಿದೆ. ಆಮೇಲೆ ನಮ್ಮತ್ತೆ ಎಲೆಯಡಿಕೆ ಪಕ್ಕಕ್ಕಿಟ್ಟು ಬಹಳ ಮರ್ಯಾದೆಯಿಂದ ಕೇಳಿದರು: "ಅಳಿಯಂದ್ರೆ, ಗೋಡೆ ನೋಡಕ್ಕೆ ಟೀವಿ ಯಾಕ್ರಪ್ಪ? ನಮ್ಮನೆ ಗೋಡೆ ಅಲ್ಲೇ ಅದಲ್ಲ, ಅತ್ಲಾಗ್ ತಿರುಕ್ಕಂಡು ಕುಂತ್ಕಳಿ."

ಯಳಂದೂರಿನಿಂದ ವಾಪಸು ಬರುವ ಬಸ್ಸಿನಲ್ಲಿ ಮಂಜುಳ ಒಂದು ಕಾನೂನು ಹೊರಡಿಸಿದಳು. ಅವಳು ಮನೆಯಲ್ಲಿರುವಾಗ ನಾನು ರಿಮೋಟ್ ಮುಟ್ಟುವಂತಿಲ್ಲ. ಮೇಲ್ಮನವಿಗೆ ಅವಕಾಶವಿಲ್ಲ.

ಹಾಗಾದರೆ ಸಂಶೋಧನೆಯ ಗತಿಯೇನು? ಇಲ್ಲಿಂದ ನನ್ನ ಶುಕ್ರವಾರಗಳು ಶುರುವಾದವು. ನಮ್ಮ ಕಚೇರಿಯಲ್ಲಿ ಚಲನವಲನ ವಹಿ ಎಂಬ ಉದ್ದನೆಯ ಪುಸ್ತಕವಿದೆ. ಕೆಲಸದ ಮೇಲೆ ಹೊರಗೆ ಹೋಗುವವರು ಅದರಲ್ಲಿ ಎಲ್ಲಿಗೆ, ಯಾಕೆ, ಹೊರಟಿದ್ದು ಎಷ್ಟಕ್ಕೆ, ವಾಪಸು ಬಂದದ್ದು ಎಷ್ಟಕ್ಕೆ ಎಂದು ಬರೆದು ಸಹಿ ಹಾಕಬೇಕು. ನಾನು 'ಹನೂರು, ಸ್ಥಳ ಪರಿಶೀಲನೆ' ಎಂದು ಬರೆದು ಬಸ್ಸು ಹತ್ತುತ್ತಿದ್ದೆ. ನಮ್ಮ ಮನೆಯಿರುವ ಮಧುವನಹಳ್ಳಿ ಹನೂರಿನ ದಾರಿಯಲ್ಲೇ ಸಿಗುತ್ತದೆ. ಆದ್ದರಿಂದ ನಾನು ಪೂರ್ತಿ ಸುಳ್ಳು ಬರೆಯುತ್ತಿದ್ದೆ ಎನ್ನುವ ಹಾಗಿಲ್ಲ. ಹನೂರಿನ ಕಡೆಗೇ ಹೊರಡುತ್ತಿದ್ದೆ. ಸ್ವಲ್ಪ ಮುಂಚೆ ಇಳಿಯುತ್ತಿದ್ದೆ!

ಮನೆಯಲ್ಲಿ ಯಾರೂ ಇಲ್ಲ. ಬಾಗಿಲು ಹಾಕಿ, ಫ್ಯಾನ್ ಹಾಕಿ, ಟಿವಿ ಹಾಕಿ ಮಧ್ಯಾಹ್ನವೆಲ್ಲ ಆ ಖಾಲಿ ಕುರ್ಚಿಯನ್ನು ನೋಡುತ್ತ ಕೂರುತ್ತಿದ್ದೆ. ಒಂದು ಮಾತು ಆಗ ನನಗೆ ಹೊಳೆಯಲೇ ಇಲ್ಲ. ನಾನು ಆಫೀಸಿಗೆ ಚಕ್ಕರ್ ಹೊಡೆದು ಮನೆಯಲ್ಲಿ ಕೂತು ಆಫೀಸು ನೋಡುತ್ತಿದ್ದೆ! ಆಫೀಸಿಗೆ ಬರದ ಗುಮಾಸ್ತನನ್ನು ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದೆ!

ಪ್ರತಿ ವಾರ ಬರೆಯುವ ತೊಂದರೆ ಯಾಕೆಂದು ಆಮೇಲೆ ಇನ್ನೊಂದು ಸುಧಾರಣೆ ತಂದೆ. ತಿಂಗಳ ಮೊದಲಲ್ಲೇ ಒಂದು ಹಾಳೆ ನನಗೆಂದು ಇಟ್ಟುಕೊಂಡು ನಾಲ್ಕೂ ಶುಕ್ರವಾರವನ್ನು ಒಂದೇ ಪೆನ್ನಿನಲ್ಲಿ ಒಟ್ಟಿಗೆ ತುಂಬಿಸಿಬಿಡುತ್ತಿದ್ದೆ. ಮೇಲುಸಹಿ ನಮ್ಮ ಹೆಡ್ ಕ್ಲಾರ್ಕ್ ರಾಚಯ್ಯನವರದು. ನೋಡದೆ ಸಹಿ ಹಾಕುವುದರಲ್ಲಿ ಅವರು ಜಿಲ್ಲೆಗೇ ಹೆಸರಾದವರು.

ಹೀಗಿರುವಾಗ ನಮ್ಮ ಕಚೇರಿಗೆ ಹೊಸ ಮೇಡಂ ಬಂದರು. ಮೈಸೂರಿನವರು. ಮಾತು ಮೆದು, ಕಣ್ಣು ಚುರುಕು. ಬಂದ ಮೊದಲ ದಿನವೇ "ಹನೂರಿಗೆ ಯಾರು ಅಂತ ಈ ತಿಂಗಳಲ್ಲೇ ಹೇಳ್ತೀನಿ" ಎಂದರು. ಪುಟ್ಟಸ್ವಾಮಿಯ ಮುಖ ಬಾಡಿತು. ಅವನಿಗೆ ಮುಳ್ಳೂರಿನಲ್ಲಿ ರೇಷ್ಮೆ ಸಾಕಣೆ. ಹುಳ ಸಾಕುವವರಿಗೆ ಗೊತ್ತು, ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಮನೆಯವರೆಲ್ಲ ನಿಂತು ಒಂದೊಂದನ್ನೂ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರು ತಟ್ಟೆಗೆ, ಬಿಡಬೇಕು. ಅಂಥ ದಿನ ಪುಟ್ಟಸ್ವಾಮಿ ಕಚೇರಿಯಿಂದ ಮಾಯವಾಗುತ್ತಿದ್ದ. ಕುರ್ಚಿಯ ಮೇಲೆ ಅವನ ನೀಲಿ ಜರ್ಕಿನ್ನು, ಟೇಬಲ್ಲಿನ ಮೇಲೆ ಕನ್ನಡಕದ ಡಬ್ಬಿ, ಮುಚ್ಚಳ ತೆಗೆದ ಪೆನ್ನು ಡ್ಯೂಟಿ ಮಾಡುತ್ತಿದ್ದವು. ಕೊಳ್ಳೇಗಾಲದ ಬಿಸಿಲಿನಲ್ಲಿ ಜರ್ಕಿನ್ನು ಯಾಕೆ ಎಂದು ಯಾರೂ ಕೇಳಿರಲಿಲ್ಲ. ಅದು ದಿನಾ ಕಣ್ಣೆದುರೇ ಇತ್ತಲ್ಲ, ನನ್ನಂಥ ಕಣ್ಣಿನವನಿಗೂ ಕಂಡಿರಲಿಲ್ಲ.

ಒಂದು ಮಧ್ಯಾಹ್ನ ಟಪಾಲು ಹಿಡಿದು ಚೇಂಬರಿಗೆ ಹೋದರೆ ಮೇಡಂ ಊಟ ಮಾಡುತ್ತ ಮೊಬೈಲಿನಲ್ಲಿ ಅದೇ ಧಾರಾವಾಹಿ ನೋಡಿ ನಗುತ್ತಿದ್ದಾರೆ! ನನ್ನ ಎದೆ ಹಿಗ್ಗಿತು.

"ಮೇಡಂ, ಕ್ಷಮಿಸಿ. ನಕ್ಕಿದ್ದು ಸರಿ. ಆದ್ರೆ ಗೋಡೆ ನೋಡಿದ್ರಾ?"

"ಯಾವ ಗೋಡೆ?"

ಅಷ್ಟು ಸಾಕಾಗಿತ್ತು. ಟಪಾಲು ಕೆಳಗಿಟ್ಟು ಕ್ಯಾಲೆಂಡರಿನಿಂದ ಶುರುಮಾಡಿದೆ. ಮೇಡಂ ಊಟ ನಿಲ್ಲಿಸಿ ಕೇಳಿದರು. "ಅರೆ, ಹೌದಲ್ರೀ! ನಾನು ಇದನ್ನೆಲ್ಲ ನೋಡೇ ಇರ್ಲಿಲ್ಲ. ಮಂಗಳವಾರ ಮೀಟಿಂಗ್ ಕೊನೇಲಿ ಹತ್ತು ನಿಮಿಷ ಎಲ್ಲರಿಗೂ ಹೇಳಿ. ಸ್ವಲ್ಪ ನಗಲಿ ಪಾಪ" ಎಂದರು.

ನಾನು ಆಚೆ ಬಂದಾಗ ನೆಲದ ಮೇಲೆ ಕಾಲಿರಲಿಲ್ಲ. ನೇರವಾಗಿ ಪುಟ್ಟಸ್ವಾಮಿಯ ಟೇಬಲ್ಲಿಗೆ ಹೋಗಿ, "ಲೇ ಪುಟ್ಟ, ಮೇಡಂಗೆ ನನ್ನ ಯೋಗ್ಯತೆ ಗೊತ್ತಾಯ್ತು. ಹನೂರು ನಿಂಗೇ ಕಣ್ಲಾ. ಈಗ್ಲೇ ಬಸ್ ಟೈಮ್ ಕೇಳಿಟ್ಕ" ಎಂದೆ. ಹೀಗೆ ಹೇಳಬಾರದಿತ್ತು. ಆದರೆ ಹೇಳಿದಾಗ ಬಹಳ ಚೆನ್ನಾಗಿತ್ತು.

"ಒಳ್ಳೇದಾಗ್ಲಿ ಬುಡ್ಲಾ" ಎಂದ ಪುಟ್ಟಸ್ವಾಮಿ. ಅವನ ದನಿ ಎಷ್ಟು ಸಣ್ಣಗಿತ್ತೆಂದರೆ ನನಗೆ ಅರೆಕ್ಷಣ ಕೆಡುಕೆನಿಸಿತು.

ಮಂಗಳವಾರ ಬಂತು. ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಮೀಟಿಂಗ್ ಹಾಲಿನಲ್ಲಿ ಎಲ್ಲ ಸಿಬ್ಬಂದಿ ಸೇರಿದ್ದರು, ಪುಟ್ಟಸ್ವಾಮಿ ಒಬ್ಬನನ್ನು ಬಿಟ್ಟು. ಬಾಕಿ ಕಡತ, ಬಾಕಿ ಉತ್ತರ, ಬಾಕಿ ಅರ್ಜಿ ಎಲ್ಲ ಮುಗಿದ ಮೇಲೆ ಮೇಡಂ ನಗುತ್ತ "ಈಗ ಸಿದ್ದರಾಜು ಅವರಿಂದ ಒಂದು ವಿಶೇಷ ಉಪನ್ಯಾಸ" ಎಂದರು. ನಾನು ಎದ್ದು ನಿಂತು, ಪ್ರೊಜೆಕ್ಟರಿನಲ್ಲಿ ಮೊದಲ ಚಿತ್ರ ಹಾಕಿದೆ.

"ಮಾನ್ಯರೇ, ಮುಂದೆ ನಿಂತವರನ್ನು ಎಲ್ಲರೂ ನೋಡುತ್ತಾರೆ. ಅವರನ್ನು ಬಿಡಿ. ಹಿಂದೆ ನೋಡಿ. ನಿಜ ಯಾವಾಗಲೂ ಹಿಂದೆ ಇರುತ್ತದೆ!"

ಮೇಡಂ ಇದನ್ನು ಡೈರಿಯಲ್ಲಿ ಬರೆದುಕೊಂಡರು. ನಾನು ಉಬ್ಬಿಹೋದೆ. ನೋಟಿಸ್ ಬೋರ್ಡು ತೋರಿಸಿದೆ, ಎಲ್ಲರೂ ನಕ್ಕರು. ದೂರು ಪೆಟ್ಟಿಗೆ ತೋರಿಸಿದೆ, ಅರ್ಧ ಜನ ನಕ್ಕರು. ಮೇಡಂ ಹಾಲಿನ ಮೂಲೆಯಲ್ಲಿದ್ದ ನಮ್ಮ ದೂರು ಪೆಟ್ಟಿಗೆಯ ಕಡೆ ಒಮ್ಮೆ ಸುಮ್ಮನೆ ನೋಡಿದರು. ಅದರ ಮೇಲೆ ಯಾರದೋ ಊಟದ ಡಬ್ಬಿ ಇತ್ತು. ಬೀರುವಿನ ಹಿಂದೆ ಅಡಗಿದ ಫಲಕ ತೋರಿಸುವ ಹೊತ್ತಿಗೆ ರಾಚಯ್ಯನವರಿಗೆ ಕೆಮ್ಮು ಶುರುವಾಯಿತು. ನಾನು ಉಪನ್ಯಾಸ ನಿಲ್ಲಿಸಿ ಅವರಿಗೆ ನೀರು ಕೊಟ್ಟೆ.

"ಸಿದ್ರಾಜು, ಸಾಕು ಬುಡಪ್ಪ" ಎಂದು ನೀರು ಕುಡಿಯುತ್ತಲೇ ಪಿಸುಗುಟ್ಟಿದರು. "ಇಲ್ಲ ಸಾರ್, ಮುಖ್ಯವಾದದ್ದು ಈಗ ಬರೋದು" ಎಂದು ನಾನು ಗಟ್ಟಿಯಾಗಿ ಹೇಳಿದೆ.

ಮುಖ್ಯವಾದದ್ದೆಂದರೆ ಜರ್ಕಿನ್ನಿನ ಕುರ್ಚಿ. ಆದರೆ ಕಿಟಕಿಯ ಬೆಳಕಿಗೆ ಗೋಡೆಯ ಮೇಲಿನ ಚಿತ್ರ ಮಸುಕಾಗಿತ್ತು. "ಸರಿಯಾಗಿ ಕಾಣ್ತಿಲ್ಲ" ಎಂದರು ಮೇಡಂ. ದೊಡ್ಡ ಉಪನ್ಯಾಸಕರಿಗೆ ಇಂಥ ಅಡ್ಡಿ ಒಂದು ಲೆಕ್ಕವೇ? "ಒಂದು ನಿಮಿಷ ಮೇಡಂ, ಮಾದರಿ ತರ್ತೀನಿ!" ಎಂದು ಓಡಿದೆ. ಪಕ್ಕದ ಕೋಣೆಯಿಂದ ಪುಟ್ಟಸ್ವಾಮಿಯ ಕುರ್ಚಿಯನ್ನು ಜರ್ಕಿನ್ನಿನ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಸಭೆಯ ನಟ್ಟನಡುವೆ ಇಟ್ಟೆ. ಕನ್ನಡಕದ ಡಬ್ಬಿ, ತೆರೆದ ಪೆನ್ನನ್ನೂ ತರಲು ಮರೆಯಲಿಲ್ಲ.

"ನೋಡಿ ಮೇಡಂ! ಟಿವಿಯಲ್ಲಿರೋದು ಕಂದು, ಇದು ನೀಲಿ. ಅಷ್ಟೇ ವ್ಯತ್ಯಾಸ. ಕುರ್ಚಿಗೆ ಜರ್ಕಿನ್ನು, ಟೇಬಲ್ಲಿಗೆ ಕನ್ನಡಕ, ಪೆನ್ನಿಗೆ ಮುಚ್ಚಳ ಇಲ್ಲ. ನೋಡಿದವರು ಏನಂತಾರೆ? 'ಈಗ ತಾನೇ ಎದ್ದು ಹೋಗವ್ರೆ, ಬರ್ತಾರೆ' ಅಂತಾರೆ. ಆದರೆ ಆ ಮನುಷ್ಯ ಬೆಳಗ್ಗೆಯಿಂದಲೇ ಇಲ್ಲ!"

 ಎಲ್ಲರೂ ಬೆರಗಾಗಿದ್ದಾರೆ ಎಂದುಕೊಂಡೆ. ರಾಚಯ್ಯನವರು ಕೆಮ್ಮುವುದನ್ನೂ ಬಿಟ್ಟು ಕಣ್ಣು ಮುಚ್ಚಿಕೊಂಡಿದ್ದರು. ಮಹಿಳಾ ಟೈಪಿಸ್ಟ್ ಒಬ್ಬರು ಮೆಲ್ಲಗೆ ಎದ್ದು ತೆರೆದ ಬಾಗಿಲಾಚೆ ತಮ್ಮ ಕುರ್ಚಿಯ ಕಡೆ ಹೋಗಿ, ಅದರ ಬೆನ್ನಿಗಿದ್ದ ಸ್ವೆಟರನ್ನು ತೆಗೆದುಕೊಂಡು ಬ್ಯಾಗಿಗೆ ತುರುಕಿಕೊಂಡರು.

"ಈ ಕುರ್ಚಿ ಯಾರದು?" ಮೇಡಂ ದನಿ ಮೊದಲಿನಷ್ಟೇ ಮೆದುವಾಗಿತ್ತು.

ಆಗ ನನಗೆ ಬೆಳಕಾಯಿತು. ನಾನು ಏನು ಮಾಡಿದೆನೆಂದು ಗೊತ್ತಾಗಿ ಕುರ್ಚಿಗೆ ಅಡ್ಡಲಾಗಿ ನಿಂತೆ. ಎಷ್ಟೇ ಆಗಲಿ ಪುಟ್ಟಸ್ವಾಮಿ ಹದಿನಾರು ವರ್ಷದ ಗೆಳೆಯ, ನನ್ನ ಮದುವೆಯಲ್ಲಿ ಬಡಿಸಿದವನು. "ಅದು... ಪುಟ್ಟಸ್ವಾಮಿದು ಮೇಡಂ. ಆದ್ರೆ ಅವ್ನು ಅಂಥವನಲ್ಲ..." ಎಂದು ತೊದಲಿದೆ.

"ಗೊತ್ತು. ಹುಳ ಹಣ್ಣಾಗಿವೆ ಅಂತ ಬೆಳಗ್ಗೆ ರಜೆ ಬರೆದುಕೊಟ್ಟು ಹೋಗಿದ್ದಾರೆ. ನಾನೇ ಸಹಿ ಹಾಕಿದೀನಿ" ಎಂದರು ಮೇಡಂ.

ಹದಿನಾರು ವರ್ಷದಲ್ಲಿ ಮೊದಲ ಸಲ! ಹನೂರಿನ ಹೆದರಿಕೆಗೆ ಪುಟ್ಟಸ್ವಾಮಿ ಪ್ರಾಮಾಣಿಕನಾಗಿಬಿಟ್ಟಿದ್ದ. ಜರ್ಕಿನ್ನು ಮಾತ್ರ ಅಭ್ಯಾಸಬಲದಿಂದ ಬಂದಿತ್ತು. ನನಗೆ ಹೋದ ಜೀವ ಬಂದಂತಾಯಿತು. ಅಲ್ಲಿಗೆ ಕೈಮುಗಿದು ಕೂತಿದ್ದರೆ ನಾನು ಈಗಲೂ ಕೊಳ್ಳೇಗಾಲದಲ್ಲೇ ಇರುತ್ತಿದ್ದೆ. ಕೂರಲಿಲ್ಲ.

"ನಮ್ಮ ಕಚೇರಿನೇ ಹಂಗೆ ಮೇಡಂ! ಬರೆಯದೆ ಒಬ್ಬರೂ ಹೊಸಲು ದಾಟಲ್ಲ. ಬೇಕಾದ್ರೆ ನೋಡಿ!" ಎಂದು ಮತ್ತೆ ಓಡಿದೆ. ಚಲನವಲನ ವಹಿಯನ್ನು ತಂದು ಅವರ ಮುಂದೆ ಬಿಚ್ಚಿದೆ. ಅದು ತಾನಾಗಿಯೇ ನನ್ನ ಹಾಳೆಗೆ ಬಿಚ್ಚಿಕೊಂಡಿತು. ಅತಿ ಹೆಚ್ಚು ಬಳಕೆಯಾದ ಹಾಳೆ ಅದೇ ಅಲ್ಲವೇ?

ಮೇಡಂ ಓದಿದರು. "ಪ್ರತಿ ಶುಕ್ರವಾರ ಹನೂರಿಗೆ ಹೋಗ್ತೀರಾ?"

"ಹೌದು ಮೇಡಂ. ಸ್ಥಳ ಪರಿಶೀಲನೆ."

"ನಾಲ್ಕು ಶುಕ್ರವಾರನೂ ಸರಿಯಾಗಿ ನಾಲ್ಕು ಇಪ್ಪತ್ತಕ್ಕೆ ವಾಪಸು ಬಂದಿದೀರಿ."

"ಸಮಯಪಾಲನೆ ಮೇಡಂ."

"ಇವತ್ತು ಮಂಗಳವಾರ ಅಲ್ವಾ?"

"ಹೌದು ಮೇಡಂ."

"ಈ ವಾರದ ಶುಕ್ರವಾರ ಇನ್ನೂ ಬಂದಿಲ್ಲ."

"ಇಲ್ಲ ಮೇಡಂ."

"ನೀವು ಮಾತ್ರ ಹೋಗಿ ಬಂದಾಗಿದೆ!"

 ಮೇಡಂ ಬೆರಳನ್ನು ಇನ್ನೂ ಸ್ವಲ್ಪ ಬಲಕ್ಕೆ ಸರಿಸಿದರು. ಇನ್ನೂ ಬಾರದ ಶುಕ್ರವಾರದ ಮುಂದೆ ರಾಚಯ್ಯನವರ ಸಹಿ, ಕೆಳಗೆ ಎರಡು ಗೆರೆ ಸಮೇತ, ಗಟ್ಟಿಮುಟ್ಟಾಗಿ ಕೂತಿತ್ತು. ರಾಚಯ್ಯನವರು ನನ್ನನ್ನು ನೋಡಿದ ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ. ನಿವೃತ್ತಿಗೆ ಎರಡು ವರ್ಷವಿದ್ದ ಮನುಷ್ಯ.

"ಮುಂದೆ ಇರೋದನ್ನ ಬಿಟ್ಟು ಹಿಂದೆ ನೋಡಿ ಅಂತ ಚೆನ್ನಾಗಿ ಹೇಳಿಕೊಟ್ರಿ" ಎಂದರು ಮೇಡಂ, ವಹಿ ಮುಚ್ಚುತ್ತ. "ಹನೂರಿನ ದಾರಿ ನಿಮಗೆ ಹೇಗೂ ಗೊತ್ತು. ವಾರಕ್ಕೆ ಒಂದು ದಿನ ಯಾಕೆ, ಆರೂ ದಿನ ಹೋಗಿ."

ಮಾರನೆಯ ದಿನ ಆದೇಶ ಬಂತು, ಜೊತೆಗೆ ನೋಟಿಸು. ರಾಚಯ್ಯನವರಿಗೂ ಒಂದು ನೋಟಿಸು. ದೂರು ಪೆಟ್ಟಿಗೆಯ ಮೇಲಿನ ಊಟದ ಡಬ್ಬಿ ಹೋಯಿತು, ನಮ್ಮಲ್ಲೂ ಲಂಚದ ಫಲಕಕ್ಕೆ ಅಡ್ಡಲಾಗಿದ್ದ ಬೀರು ಸರಿಯಿತು, ಸ್ವೆಟರುಗಳೆಲ್ಲ ಮನೆ ಸೇರಿದವು. ನನ್ನನ್ನು ಕಂಡರೆ ಎಲ್ಲರೂ ಕಡತದೊಳಗೆ ತಲೆ ತೂರಿಸುತ್ತಿದ್ದರು. ಹದಿನಾರು ವರ್ಷದಲ್ಲಿ ಆ ಕಚೇರಿಯಲ್ಲಿ ಕೆಲಸ ಅಷ್ಟು ಜೋರಾಗಿ ನಡೆದದ್ದನ್ನು ನಾನು ಕಂಡಿರಲಿಲ್ಲ. ಪುಟ್ಟಸ್ವಾಮಿಯೊಬ್ಬನೇ ನನ್ನ ಹತ್ತಿರ ಬಂದ.

"ಬಸ್ ಟೈಮ್ ಕೇಳಿಟ್ಟಿವ್ನಿ ಕಣ್ಲಾ. ಬೆಳಿಗ್ಗೆ ಬೆಟ್ಟದ ಬಸ್ಸು ಹತ್ಬ್ಯಾಡ. ದೇವ್ರಿಗ್ ಓಗೋ ಜನ ತುಂಬ್ಕಂಡಿರ್ತರೆ, ಸೀಟು ಸಿಕ್ಕಲ್ಲ" ಎಂದ. ನಿಜವಾದ ಕಾಳಜಿಯಿಂದಲೇ ಹೇಳಿದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮನೆಯಲ್ಲಿ ಮಂಜುಳಳಿಗೆ ಹೇಗೆ ಹೇಳುವುದೆಂದು ಅಂಗಳದಲ್ಲೇ ಎರಡು ಸುತ್ತು ಹಾಕಿದೆ. ಕೊನೆಗೆ ಎಲ್ಲ ಹೇಳಿದೆ, ಶುಕ್ರವಾರಗಳ ಸಮೇತ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ.

"ಶುಕ್ರವಾರದ ವಿಷ್ಯ ನಂಗ್ ಗೊತ್ತಿಲ್ವಾ? ನಾ ಬಂದು ದೂಳು ಒರ್ಸಕ್ ಓದ್ರೆ ಟೀವಿ ಬೆನ್ನು ಬಿಸಿ ಇರ್ತಿತ್ತು. ಬಾಗ್ಲು ಹಾಕಿದ್ ಮನೇಲಿ ಟೀವಿಗೆ ಜ್ವರ ಬಂದದಾ?"

"ಗೊತ್ತಿದ್ದೂ ಕೇಳ್ಲಿಲ್ವಾ ನೀನು?"

"ಏನ್ ಕೇಳೋದು? ಕುಡಿಯಕ್ ಓಗಲ್ಲ, ಇಸ್ಪೀಟಾಡಕ್ ಓಗಲ್ಲ. ಗೋಡೆ ನೋಡ್ತಾರೆ, ನೋಡ್ಕಳ್ಳಿ ಪಾಪ ಅಂತ ಬುಟ್ಟಿದ್ದೆ."

ಅವಮಾನಕ್ಕಿಂತ ಈ 'ಪಾಪ' ನನಗೆ ಜಾಸ್ತಿ ಚುಚ್ಚಿತು. ನನ್ನ ಕಣ್ಣು ಸಾಮಾನ್ಯದ್ದಲ್ಲ ಎಂದು ಹೆಮ್ಮೆಪಟ್ಟುಕೊಂಡು ತಿರುಗುತ್ತಿದ್ದ ಮನೆಯಲ್ಲೇ, ಒಂದು ಮಾತೂ ಆಡದೆ ಎಲ್ಲವನ್ನೂ ಕಂಡವಳು ಸೊಪ್ಪು ಬಿಡಿಸುತ್ತ ಕೂತಿದ್ದಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಇಷ್ಟೂ ಸಾಲದೆಂಬಂತೆ ಆ ವಾರವೇ ಧಾರಾವಾಹಿಯವರಿಂದ ಉತ್ತರ ಬಂತು. ನಲವತ್ತೆರಡು ಅಂಶಕ್ಕೆ ನಾಲ್ಕು ಸಾಲು. 'ಮಾನ್ಯರೇ, ತಾವು ತೋರಿಸಿದ ಕೆಲವು ತಮಾಷೆಗಳನ್ನು ನಾವೇ ಇಟ್ಟಿದ್ದು, ಸಂತೋಷ. ಕ್ಯಾಲೆಂಡರ್ ತಿರುಗಿಸುವುದು ಮರೆತುಹೋಗಿತ್ತು. ಆ ಜರ್ಕಿನ್ನು ನಮ್ಮ ಲೈಟ್‌ಮ್ಯಾನ್‌ನದು, ಟೀಗೆ ಹೋಗುವಾಗ ಅಲ್ಲಿ ನೇತುಹಾಕುತ್ತಾರೆ. ತಪ್ಪು ತೋರಿಸಿದ್ದಕ್ಕೆ ವಂದನೆಗಳು, ಮುಂದಿನ ಕಂತಿನಿಂದ ತೆಗೆಸಲಾಗುವುದು.' ತೆಗೆಸಿಯೂಬಿಟ್ಟರು! ಆ ಕುರ್ಚಿಯಲ್ಲಿ ಈಗ ಯಾರೋ ಒಬ್ಬ ಕೂತು ಟೈಪ್ ಮಾಡುತ್ತಾನೆ. ಧಾರಾವಾಹಿಯಲ್ಲಿ ನನಗೆ ಇಷ್ಟವಾಗಿದ್ದ ಒಂದೇ ಒಂದು ಪಾತ್ರವನ್ನು ನಾನೇ ಕೈಯಾರೆ ಕೆಲಸದಿಂದ ತೆಗೆಸಿದ್ದೆ.

ಹನೂರಿನಲ್ಲಿ ಮೊದಲ ದಿನ ಹತ್ತು ಗಂಟೆಗೆ ಐದು ನಿಮಿಷ ಮುಂಚೆಯೇ ಹಾಜರಾದೆ. ಟೇಬಲ್ಲು ಒರೆಸಿದೆ. ಪೆನ್ನಿಗೆ ಮುಚ್ಚಳ ಹಾಕಿದೆ. ಇನ್ನು ಮೇಲೆ ನಾನೊಬ್ಬ ಹೊಸ ಮನುಷ್ಯ, ಕುರ್ಚಿ ಬಿಟ್ಟು ಕದಲುವವನಲ್ಲ ಎಂದು ಬೆನ್ನು ನೆಟ್ಟಗೆ ಮಾಡಿಕೊಂಡು, ಕೈ ಕಟ್ಟಿಕೊಂಡು, ಗಂಭೀರವಾಗಿ ಕೂತೆ. ಹನ್ನೊಂದಾಯಿತು. ಕಾಡಂಚಿನ ಊರಿನ ಒಬ್ಬ ಅಜ್ಜಿ, ಕೈಯಲ್ಲಿ ಮಡಿಸಿದ ಅರ್ಜಿ ಹಿಡಿದು ಬ್ಯಾಂಕಿನ ಕಡೆಯಿಂದ ನಡೆದು ಬಂದರು. ಬಾಗಿಲಲ್ಲಿ ನಿಂತು ಒಳಗೆಲ್ಲ ಇಣುಕಿದರು. ಬೀರು ನೋಡಿದರು, ಟೇಬಲ್ಲು ನೋಡಿದರು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾರೂ ಇಲ್ವಾ ಸಾಮಿ?"

"ನಾನಿದ್ದೀನಲ್ಲಮ್ಮ!" ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

"ನೀವಲ್ಲ ಸಾಮಿ" ಎಂದರು ಅಜ್ಜಿ, ಸಮಾಧಾನ ಮಾಡುವವರಂತೆ. "ಕೆಲ್ಸ ಮಾಡೋರು."

 ನಾನು ಎದುರಿನ ಬೆಂಚು ತೋರಿಸಿ, "ಕೂತ್ಕಳ್ಳಮ್ಮ, ಬರ್ತಾರೆ" ಎಂದೆ.